ದಾರಿ ಅಲ್ಲ, ಊರು ಕಲಿಯಿರಿ: ಕಲಬುರಗಿಯ ನಕ್ಷೆಯನ್ನು ತಲೆಯೊಳಗೆ ಕಟ್ಟುವ ಬಗೆ

ಕಲಬುರಗಿಯ ಹಾಸ್ಟೆಲಿಗೆ ಹೊಸದಾಗಿ ಬಂದಿಳಿದ ಹುಡುಗರು, ಪಾರ್ಸೆಲ್ ಹಂಚುವ ಕೆಲಸಕ್ಕೆ ಸೇರಿದವರು, ಈಗಷ್ಟೇ ಆಟೊ ಹಿಡಿದವರು, ಎಲ್ಲರೂ ಊರನ್ನು ಕಲಿಯುವುದು ಒಂದೇ ರೀತಿ. ರೂಮಿನಿಂದ ಕಾಲೇಜಿಗೆ ಒಂದು ದಾರಿ, ಕಾಲೇಜಿನಿಂದ ಸೂಪರ್ ಮಾರ್ಕೆಟ್‌ಗೆ ಒಂದು ದಾರಿ, ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಮತ್ತೊಂದು. ದಾರಿಗಳೆಲ್ಲ ಗೊತ್ತು, ಊರು ಗೊತ್ತಿಲ್ಲ. ಶರಣಬಸವೇಶ್ವರ ಜಾತ್ರೆಗೋ ಬಂದೇನವಾಜ್ ದರ್ಗಾದ ಉರುಸಿಗೋ ರಸ್ತೆ ಮುಚ್ಚಿದ ದಿನ ಇದು ಬಯಲಿಗೆ ಬರುತ್ತದೆ. ದಾರಿ ಬಾಯಿಪಾಠ ಮಾಡಿದವನು ಬ್ಯಾರಿಕೇಡಿನ ಮುಂದೆ ನಿಂತು ಫೋನ್ ತೆಗೆಯುತ್ತಾನೆ. ನಕ್ಷೆ ಇದ್ದವನು ಪಕ್ಕದ ಗಲ್ಲಿಗೆ ಗಾಡಿ ತಿರುಗಿಸುತ್ತಾನೆ.

ಈ ಎರಡು ಕೆಲಸಗಳನ್ನು ಮಾಡುವುದು ಮಿದುಳಿನ ಎರಡು ಬೇರೆ ಭಾಗಗಳು. "ಇಲ್ಲಿ ಬಂದಾಗ ಎಡಕ್ಕೆ ಹೊರಳು" ಎಂಬ ರೂಢಿ ಕೂರುವುದು ಸ್ಟ್ರಯೇಟಮ್ ಎಂಬ ಒಳಭಾಗದಲ್ಲಿ. ಯಾವುದು ಯಾವುದರಿಂದ ಯಾವ ಕಡೆ, ಎಷ್ಟು ದೂರ ಎಂಬ ನಕ್ಷೆ ಕಟ್ಟುವುದು ಹಿಪೊಕ್ಯಾಂಪಸ್ ಮತ್ತು ಅದಕ್ಕೆ ಅಂಟಿಕೊಂಡ ಎಂಟೊರೈನಲ್ ಕಾರ್ಟೆಕ್ಸ್. ಇವು ಎರಡೂ ಕಿವಿಗಳ ಒಳಬದಿಗೆ, ಮಿದುಳಿನ ಆಳದಲ್ಲಿವೆ. ಹಿಪೊಕ್ಯಾಂಪಸ್‌ನಲ್ಲಿ ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ಕೋಶಗಳಿವೆ ಎಂದು 1971ರಲ್ಲಿ ಜಾನ್ ಓಕೀಫ್ ತೋರಿಸಿದರು. ನೆಲವನ್ನೆಲ್ಲ ಸಮ ತ್ರಿಕೋನಗಳ ಜಾಲವಾಗಿ ಅಳೆಯುವ ಗ್ರಿಡ್ ಕೋಶಗಳನ್ನು 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಅವರ ತಂಡ ಪತ್ತೆ ಹಚ್ಚಿತು. ಮೂವರಿಗೂ ಸೇರಿ 2014ರ ನೊಬೆಲ್ ಬಂತು. ತಲೆ ಯಾವ ದಿಕ್ಕಿಗಿದೆ ಎಂದು ಹೇಳುವ ಕೋಶಗಳು ಬೇರೆ, ಗೋಡೆ-ಅಂಚುಗಳಿಗೆ ಸ್ಪಂದಿಸುವ ಕೋಶಗಳು ಬೇರೆ.

ಇದು ಬರೀ ಜೀವಶಾಸ್ತ್ರದ ಸುದ್ದಿಯಲ್ಲ. ಜಾಗ, ದಿಕ್ಕು, ಅಂಚು, ದೂರ: ಮಿದುಳು ನಕ್ಷೆ ಕಟ್ಟಲು ಬಳಸುವ ಸಾಮಾನು ಇಷ್ಟೇ. ಇವುಗಳಲ್ಲಿ ಯಾವುದನ್ನು ಕೊಡದೆ ಹೋದರೂ ನಕ್ಷೆ ಕುಂಟುತ್ತದೆ. ಫೋನಿನ ದಾರಿ ತೋರಿಸುವ ದನಿ ಮುಂದಿನ ತಿರುವು ಎಷ್ಟು ದೂರ, ಎಡಕ್ಕೋ ಬಲಕ್ಕೋ ಎಂದಷ್ಟೇ ಹೇಳುತ್ತದೆ, ಉಳಿದದ್ದನ್ನು ಬಹುಪಾಲು ಕೊಡುವುದಿಲ್ಲ.

ಮೊದಲು ಪರೀಕ್ಷೆ

ಕುಳಿತ ಕಡೆಯೇ ಕಣ್ಣು ಮುಚ್ಚಿ. ರೈಲ್ವೆ ಸ್ಟೇಷನ್ ಯಾವ ಕಡೆ, ಬೆರಳು ತೋರಿಸಿ. ಕಣ್ಣು ತೆರೆದು, ಫೋನಿನ ದಿಕ್ಸೂಚಿಯನ್ನು ಬೆರಳಿನ ನೇರಕ್ಕೆ ಹಿಡಿದು ಡಿಗ್ರಿ ಬರೆದುಕೊಳ್ಳಿ. ಹೀಗೆ ಐದು ಜಾಗ: ಸ್ಟೇಷನ್, ಕೋಟೆ, ದರ್ಗಾ, ನೆಹರೂ ಗಂಜ್, ಸೇಡಂ ರಸ್ತೆಯ ವಿಶ್ವವಿದ್ಯಾಲಯ. ಆಮೇಲೆ ಗೂಗಲ್ ಮ್ಯಾಪ್‌ನಲ್ಲಿ ಉತ್ತರ ಮೇಲಿರುವಂತೆ ಇಟ್ಟು, ನೀವಿರುವ ಜಾಗದಿಂದ ಪ್ರತಿ ಜಾಗಕ್ಕೂ ಸ್ಕೇಲ್ ಹಿಡಿದು ನೋಡಿ. ತಪ್ಪು 30 ಡಿಗ್ರಿಯೊಳಗಿದ್ದರೆ ನಕ್ಷೆ ಇದೆ ಎಂದರ್ಥ. 60 ದಾಟಿದರೆ ಅಲ್ಲಿಗೆ ನಿಮಗೆ ದಾರಿ ಗೊತ್ತೇ ಹೊರತು ಅದು ಎಲ್ಲಿದೆ ಎಂಬುದು ಗೊತ್ತಿಲ್ಲ. ದಿಕ್ಸೂಚಿ ಬಳಸುವಾಗ ಬೈಕಿನ ಟ್ಯಾಂಕ್, ಕಬ್ಬಿಣದ ಗೇಟು, ಆಯಸ್ಕಾಂತವಿರುವ ಫೋನ್ ಕವರ್ ಹತ್ತಿರ ಇರಬಾರದು. ಮುಳ್ಳು ಅಲುಗಾಡಿದರೆ ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ನಾಲ್ಕೈದು ಸಲ ಆಡಿಸಿ.

ಎಲುಬುಗೂಡು ಮೊದಲು, ಗಲ್ಲಿಗಳು ಆಮೇಲೆ

ಒಂದು ಎ4 ಹಾಳೆ, ಪೆನ್ಸಿಲ್ ಸಾಕು. ರಬ್ಬರ್ ಬೇಡ, ಅಳಿಸಿದ ತಪ್ಪು ಮತ್ತೆ ಕಣ್ಣಿಗೆ ಬೀಳುವುದಿಲ್ಲ, ಕಲಿಸುವುದು ಆ ತಪ್ಪೇ.

ಹಾಳೆಯ ನಡುವೆ ಜಗತ್ ಸರ್ಕಲ್ ಎಂದು ಒಂದು ಚುಕ್ಕೆ ಇಡಿ. ಮೇಲೆ ಉತ್ತರ. ಈಗ ಊರಿನಿಂದ ಹೊರಡುವ ದೊಡ್ಡ ರಸ್ತೆಗಳನ್ನು ಅವು ತಲುಪುವ ಊರಿನ ದಿಕ್ಕಿಗೇ ಎಳೆಯಿರಿ. ಉತ್ತರವನ್ನು ಸೊನ್ನೆ ಎಂದು ಹಿಡಿದು ಬಲಕ್ಕೆ ಸುತ್ತಿ ಎಣಿಸಿದರೆ ಹುಮನಾಬಾದ್ ಸುಮಾರು 35 ಡಿಗ್ರಿ, ಸೇಡಂ 110, ಶಹಾಬಾದ್ 150, ಜೇವರ್ಗಿ 190, ಅಫಜಲಪುರ 255, ಆಳಂದ 315. ಇವು ಊರಿಂದೂರಿಗೆ ನೇರ ಗೆರೆಯ ಲೆಕ್ಕ. ರಸ್ತೆ ಊರೊಳಗೆ ಅಲ್ಲಲ್ಲಿ ಸೊಟ್ಟ ಆಗುತ್ತದೆ, ಅದಕ್ಕೆ ಈಗ ತಲೆ ಕೆಡಿಸಿಕೊಳ್ಳಬೇಡಿ. ಇವನ್ನೆಲ್ಲ ಕೂಡಿಸಿ ರಿಂಗ್ ರೋಡ್ ಸುತ್ತು ಹಾಕಿ. ಕೊನೆಗೆ ರೈಲು ಹಳಿ: ವಾಯವ್ಯದ ಸೊಲ್ಲಾಪುರ ಕಡೆಯಿಂದ ಆಗ್ನೇಯದ ವಾಡಿ ಕಡೆಗೆ ಒಂದು ಓರೆ ಗೆರೆ, ಪೇಟೆಯ ನೈಋತ್ಯ ಬದಿಗೆ.

ಈ ಓರೆ ಗೆರೆ ಬಹಳ ಮುಖ್ಯ. ಮಿದುಳಿಗೆ ಅಂಚು ಎಂದರೆ ಇಷ್ಟ. ಆದರೆ ಅಂಚಿನ ಎರಡು ಬದಿಯ ಜಾಗಗಳನ್ನು ಇರುವುದಕ್ಕಿಂತ ದೂರ ಎಂದು ಅದು ಲೆಕ್ಕ ಹಾಕುತ್ತದೆ. ಹಳಿಯ ಆಚೆಯ ಬಡಾವಣೆಯಲ್ಲಿ ಮನೆ ನೋಡಲು ಹೋದವರು "ಬಹಳ ದೂರ ಆಯ್ತು" ಎನ್ನುವುದರಲ್ಲಿ ಅರ್ಧ ಪಾಲು ಹಳಿಯದು, ಕಿಲೋಮೀಟರಿನದಲ್ಲ. ಹೆಚ್ಚು ತಿರುವುಗಳಿರುವ ದಾರಿಯೂ ಹೀಗೆಯೇ ಉದ್ದ ಅನಿಸುತ್ತದೆ. ಗಾಡಿಯ ಮೀಟರ್ ನೋಡಿ ದೂರವನ್ನು ಗೆರೆಯ ಮೇಲೆ ಬರೆಯುವುದೊಂದೇ ಮದ್ದು.

ಎಲುಬುಗೂಡಿನ ಮೇಲೆ ಎರಡನೇ ಸುತ್ತಿನಲ್ಲಿ ಚೌಕಗಳನ್ನು ಕೂಡಿಸಿ. ಸ್ಟೇಷನ್ನಿನಿಂದ ಪಟೇಲ್ ಚೌಕ್, ಜಗತ್, ಸೂಪರ್ ಮಾರ್ಕೆಟ್, ಮುಂದೆ ಗಂಜ್, ಹುಮನಾಬಾದ್ ಬೇಸ್: ಇದು ಊರಿನ ಬೆನ್ನೆಲುಬು. ಗುರುತಿಗೆ ಅಂಗಡಿಯ ಬೋರ್ಡ್, ಫ್ಲೆಕ್ಸ್, ಚಹಾದ ಬಂಡಿ ಬೇಡ. ಆರು ತಿಂಗಳಲ್ಲಿ ಅವು ಬದಲಾಗುತ್ತವೆ. ಕೋಟೆ, ದರ್ಗಾದ ಗುಮ್ಮಟ, ಅಪ್ಪನ ಕೆರೆ, ಸೇಡಂ ರಸ್ತೆಯ ಬುದ್ಧ ವಿಹಾರದ ಗುಮ್ಮಟ, ಇಂಥ ಜಾಗ ಬಿಟ್ಟು ಕದಲದವು ಬೇಕು.

ದಿಕ್ಕು ಹಿಡಿಯುವುದು

ದಾರಿ ಕೇಳಿದರೆ ನಮ್ಮ ಕಡೆ ಸಿಗುವ ಉತ್ತರ ಹೀಗಿರುತ್ತದೆ: "ಸೀದಾ ಹೋಗ್ರಿ, ಮುಂದ ಚೌಕ್ ಬರ್ತದ, ಅಲ್ಲಿಂದ ಬಲಕ್ಕ ಹೊಳ್ರಿ, ಅಲ್ಲಿ ಯಾರಿಗರೆ ಕೇಳ್ರಿ, ತೋರಸ್ತಾರ." ತಲುಪುವುದಕ್ಕೆ ಇದು ಸಾಕು, ಕಲಿಯುವುದಕ್ಕೆ ಸಾಲದು. ಎಡ-ಬಲ ನಿಮ್ಮ ಮೈಗೆ ಅಂಟಿದ್ದು, ನೀವು ತಿರುಗಿದ ಕೂಡಲೇ ಅದೂ ತಿರುಗುತ್ತದೆ. ಹೊಲ-ಮನೆಯ ಪತ್ರದ ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಜಾಗ, ಪಶ್ಚಿಮಕ್ಕೆ ರಸ್ತೆ ಎಂದು ಬರೆಯುವುದೇ ಸರಿಯಾದ ಕ್ರಮ. ದಾರಿ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ: "ಅಲ್ಲಿಂದ ಸ್ಟೇಷನ್ ಯಾವ ಕಡಿಗಿ ಉಳೀತದ್ರಿ?" ಉತ್ತರ ಬಂದರೆ ನಕ್ಷೆಗೆ ಒಂದು ಗೆರೆ ಸಿಕ್ಕಿತು.

ದಿಕ್ಸೂಚಿ ಇಲ್ಲದೆ ದಿಕ್ಕು ಹಿಡಿಯಲು ಈ ಊರಿನಲ್ಲಿ ಅನುಕೂಲ ಬಹಳ. ಮಸೀದಿಯ ಮಿಹ್ರಾಬ್ ಇರುವ ಗೋಡೆ ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ಓರೆಯಾಗಿ. ದೇವಸ್ಥಾನಗಳ ಬಾಗಿಲು ಬಹುಪಾಲು ಪೂರ್ವಕ್ಕೆ, ಆದರೆ ಎಲ್ಲವೂ ಅಲ್ಲ. ಹನುಮಪ್ಪನ ಗುಡಿ ನೋಡಿ ದಿಕ್ಕು ಹೇಳಹೋಗಬೇಡಿ. ಸೂರ್ಯನ ಲೆಕ್ಕದಲ್ಲಿ ಎರಡು ತಪ್ಪು ಸಾಮಾನ್ಯ. ಒಂದು, ಸೂರ್ಯ ಹುಟ್ಟಿದ ಕಡೆಯೇ ನಿಖರ ಪೂರ್ವ ಎಂದುಕೊಳ್ಳುವುದು: ಜೂನ್‌ನಲ್ಲಿ ಇಲ್ಲಿ ಸೂರ್ಯ ಪೂರ್ವದಿಂದ ಸುಮಾರು 25 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಡಿಸೆಂಬರ್‌ನಲ್ಲಿ ಅಷ್ಟೇ ದಕ್ಷಿಣಕ್ಕೆ. ಎರಡನೆಯದು, ನಡು ಮಧ್ಯಾಹ್ನದ ನೆರಳು ಯಾವಾಗಲೂ ಉತ್ತರಕ್ಕೆ ಎಂದು ನಂಬುವುದು. ಕಲಬುರಗಿ ಇರುವುದು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡು ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ, ಅದೂ ಗೇಣುದ್ದ. ಆ ಮೂರು ತಿಂಗಳು ಮಧ್ಯಾಹ್ನದ ನೆರಳನ್ನು ಕೈಬಿಡಿ. ಅಂದಹಾಗೆ ಇಲ್ಲಿ ಸೂರ್ಯ ನೆತ್ತಿಗೇರುವುದು ಗಡಿಯಾರದ 12ಕ್ಕಲ್ಲ, ತಿಂಗಳನ್ನು ನೋಡಿಕೊಂಡು 12:05ರಿಂದ 12:40ರ ನಡುವೆ.

ನಾಲ್ಕು ವಾರದ ಕೆಲಸ

ಮೊದಲ ವಾರ ಉದ್ದೇಶವಿಲ್ಲದೆ ತಿರುಗಿ. ಇದು ಸೋಮಾರಿತನವಲ್ಲ. ಎಡ್ವರ್ಡ್ ಟೋಲ್ಮನ್ ಮತ್ತು ಹಾಂಜಿಕ್ 1930ರಲ್ಲಿ ಇಲಿಗಳ ಒಂದು ಗುಂಪನ್ನು ಹತ್ತು ದಿನ ಸುಮ್ಮನೆ ಜಟಿಲ ಓಣಿಗಳಲ್ಲಿ ಬಿಟ್ಟರು, ತುದಿಯಲ್ಲಿ ತಿನ್ನಲು ಏನೂ ಇಡಲಿಲ್ಲ. ಹನ್ನೊಂದನೇ ದಿನ ಆಹಾರ ಇಟ್ಟರು. ಮೊದಲ ದಿನದಿಂದಲೂ ಆಹಾರ ತಿಂದು ಕಲಿತ ಇಲಿಗಳ ಸಮಕ್ಕೆ ಇವು ಮರುದಿನವೇ ಬಂದವು. ಸುಮ್ಮನೆ ತಿರುಗುತ್ತಿದ್ದಾಗಲೇ ನಕ್ಷೆ ಕಟ್ಟಿಯಾಗಿತ್ತು, ಬಳಸಲು ಕಾರಣ ಮಾತ್ರ ಇರಲಿಲ್ಲ. 1948ರಲ್ಲಿ ಟೋಲ್ಮನ್ ಇದಕ್ಕೆ ಅರಿವಿನ ನಕ್ಷೆ ಎಂದು ಹೆಸರಿಟ್ಟರು.

ದಿನಕ್ಕೆ ಅರ್ಧ ಗಂಟೆ, ನಡೆದು ಇಲ್ಲವೇ ಸೈಕಲ್ ಮೇಲೆ. ಬೇಸಿಗೆಯಾದರೆ ಬೆಳಿಗ್ಗೆ 6ರಿಂದ 8ರೊಳಗೆ ಮುಗಿಸಿ, ನಮ್ಮ ಬಿಸಿಲಿಗೆ ಯಾವ ಹಿಪೊಕ್ಯಾಂಪಸ್ಸೂ ನಿಲ್ಲದು. ಫೋನ್ ಜೇಬಿನಲ್ಲಿರಲಿ. ಪ್ರತಿ ಚೌಕದಲ್ಲೂ ಹತ್ತು ಸೆಕೆಂಡ್ ನಿಂತು ಬಂದ ದಾರಿಯನ್ನು ತಿರುಗಿ ನೋಡಿ. ಇದನ್ನು ಬಿಟ್ಟವರೇ ಹೆಚ್ಚು. ಹೋಗುವಾಗ ಕಂಡ ಬೀದಿ ಬರುವಾಗ ಬೇರೆಯೇ ಬೀದಿ. ಒಂದೇ ಕಡೆಯಿಂದ ನೋಡಿದ ಜಾಗ ಮರಳುವಾಗ ಗುರುತು ಸಿಗುವುದಿಲ್ಲ.

ಎರಡನೇ ವಾರದಿಂದ ಊಹೆ ಮಾಡಿ ಹೊರಡಿ. "ಈ ಗಲ್ಲಿ ಹೊರಬಿದ್ದರೆ ಗಂಜ್ ಹತ್ತಿರ ಬರುತ್ತದೆ" ಎಂದು ಮೊದಲೇ ಹೇಳಿಕೊಂಡು ಒಳಗೆ ಹೋಗಿ. ಊಹೆ ತಪ್ಪಿದಾಗ ಎಷ್ಟು ತಪ್ಪಿತು ಎಂಬುದೇ ನಕ್ಷೆ ತಿದ್ದುವ ಸಾಮಾನು. ಸಿಟಿ ಬಸ್ಸಿನಲ್ಲಿ ಕೂತರೂ ಮುಂದಿನ ತಿರುವು ಯಾವ ಕಡೆ ಎಂದು ಊಹಿಸುತ್ತಾ ಹೋಗಿ. ಸುಮ್ಮನೆ ಕೂತ ಪ್ರಯಾಣಿಕನಿಗಿಂತ ಗಾಡಿ ಹೊಡೆಯುವವನ ನಕ್ಷೆ ಚೆನ್ನಾಗಿರುವುದು ಈ ಊಹೆಯಿಂದಲೇ.

ಮೂರನೇ ವಾರ ಅಡ್ಡದಾರಿಗಳು. ದಿನಾ ಹೋಗುವ ದಾರಿಯಲ್ಲಿ ಒಂದು ತುಂಡು ಮುಚ್ಚಿದೆ ಎಂದುಕೊಂಡು ಸುತ್ತಿ ಹೋಗಿ. ನಾಲ್ಕನೇ ವಾರ ಒಂದು ರೇಡಿಯಲ್ ರಸ್ತೆಯಿಂದ ಇನ್ನೊಂದಕ್ಕೆ, ಉದಾಹರಣೆಗೆ ಆಳಂದ ರಸ್ತೆಯಿಂದ ಹುಮನಾಬಾದ್ ರಸ್ತೆಗೆ, ನಡುವಿನ ಚೌಕಗಳನ್ನು ಮುಟ್ಟದೆ ದಾಟಿ.

ವಾರಕ್ಕೊಮ್ಮೆ, ಹಳೆಯ ಹಾಳೆ ನೋಡದೆ, ಹೊಸ ಹಾಳೆಯಲ್ಲಿ ಊರನ್ನು ಮತ್ತೆ ಬರೆಯಿರಿ. ಆಮೇಲೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ತಿರುಗಾಡಿದ ದಿನ ರಾತ್ರಿ ನಿದ್ದೆಗೆಡಬೇಡಿ. ಎಚ್ಚರದಲ್ಲಿ ಓಡಾಡುವಾಗ ಒಟ್ಟೊಟ್ಟಿಗೆ ಚುರುಕಾದ ಜಾಗದ ಕೋಶಗಳು ನಿದ್ದೆಯಲ್ಲಿ ಮತ್ತೆ ಒಟ್ಟಿಗೆ ಚುರುಕಾಗುತ್ತವೆ ಎಂದು 1994ರಲ್ಲೇ ವಿಲ್ಸನ್ ಮತ್ತು ಮೆಕ್‌ನಾಟನ್ ಇಲಿಗಳಲ್ಲಿ ಕಂಡಿದ್ದರು. ನಡೆದ ದಾರಿಯ ಪುನರಾವರ್ತನೆ ನಡೆಯುವುದು ಅಲ್ಲಿ.

ಫೋನ್ ಬೇಕೇ ಬೇಕು ಎಂದರೆ ಎರಡು ಬದಲಾವಣೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ನ್ಯಾವಿಗೇಶನ್ ವಿಭಾಗಕ್ಕೆ ಹೋಗಿ ನಕ್ಷೆಯ ಉತ್ತರ ಯಾವಾಗಲೂ ಮೇಲಿರುವಂತೆ ಇಡಿ. ದನಿ ಬಂದ್ ಮಾಡಿ. ಹೊರಡುವ ಮುಂಚೆ ಪೂರ್ತಿ ದಾರಿಯನ್ನು ಒಮ್ಮೆ ನೋಡಿ, ಫೋನ್ ಮುಚ್ಚಿ, ಸಿಕ್ಕಿಕೊಂಡಾಗ ಮಾತ್ರ ತೆರೆಯಿರಿ.

ನಕ್ಷೆ ಸುಳ್ಳು ಹೇಳುವ ಕಡೆಗಳು

ತೆಲಂಗಾಣದ ನಾರಾಯಣಪೇಟೆ ಹೆಚ್ಚು ಪೂರ್ವಕ್ಕಿದೆಯೋ, ಕೋಲಾರವೋ? ಯಾದಗಿರಿಯವರನ್ನು ಕೇಳಿದರೂ ಹೆಚ್ಚಿನವರು ನಾರಾಯಣಪೇಟೆ ಎನ್ನುತ್ತಾರೆ, ತೆಲಂಗಾಣ ನಮ್ಮ ಪೂರ್ವಕ್ಕಲ್ಲವೇ. ನಿಜದಲ್ಲಿ ಕೋಲಾರವೇ ಅರವತ್ತು ಕಿಲೋಮೀಟರಿಗೂ ಹೆಚ್ಚು ಪೂರ್ವಕ್ಕಿದೆ. ಮಿದುಳು ಊರುಗಳನ್ನು ಒಂದೊಂದಾಗಿ ಇಡುವುದಿಲ್ಲ, ರಾಜ್ಯ ಎಂಬ ಡಬ್ಬಿಯೊಳಗೆ ಹಾಕಿ ಡಬ್ಬಿಯ ದಿಕ್ಕನ್ನೇ ಊರಿಗೂ ಹಚ್ಚುತ್ತದೆ. 1978ರಲ್ಲಿ ಸ್ಟೀವನ್ಸ್ ಮತ್ತು ಕೂಪ್ ಅಮೆರಿಕದ ಊರುಗಳ ಮೇಲೆ ಇದೇ ತಪ್ಪನ್ನು ತೋರಿಸಿದ್ದರು. ಊರೊಳಗೆ ಬಡಾವಣೆ, ವಾರ್ಡ್ ಹೆಸರುಗಳೂ ಇಂಥ ಡಬ್ಬಿಗಳೇ.

ಎರಡನೇ ಸುಳ್ಳು, ಓರೆಯನ್ನು ನೇರ ಮಾಡುವುದು. ಬೀದರ್ ಕಲಬುರಗಿಯ ನೇರ ಮೇಲೆ, ಯಾದಗಿರಿ ನೇರ ಕೆಳಗೆ ಎಂದು ಬರೆಯುವವರೇ ಬಹಳ. ಬೀದರ್ ಈಶಾನ್ಯಕ್ಕಿದೆ, ಉತ್ತರಕ್ಕೆ ಸುಮಾರು 65 ಕಿ.ಮೀ., ಪೂರ್ವಕ್ಕೆ ಅದಕ್ಕಿಂತ ತುಸು ಹೆಚ್ಚೇ. ನೇರ ಪೂರ್ವಕ್ಕಿರುವುದು ಹೈದರಾಬಾದ್. ಊರೊಳಗೂ ಓರೆ ಕೂಡುವ ರಸ್ತೆಗಳನ್ನು ನಾವು 90 ಡಿಗ್ರಿಗೆ ತಿದ್ದಿಬಿಡುತ್ತೇವೆ. ಮೂರು ತಿರುವು ಆಗುವಷ್ಟರಲ್ಲಿ ತಪ್ಪು ಕೂಡಿಕೊಂಡು ಸ್ಟೇಷನ್ ಇರಬೇಕಾದ ಕಡೆ ಗಂಜ್ ಬರುತ್ತದೆ. ಚೌಕದಲ್ಲಿ ನಿಂತು ಎರಡು ರಸ್ತೆಗಳ ನಡುವಿನ ಕೋನವನ್ನು ಅಂಗೈ ಚಾಚಿ ನೋಡಿಕೊಳ್ಳಿ. ಎಲ್ಲವೂ ಕೂಡು ಗುರುತಿನಂತೆ ಇರುವುದಿಲ್ಲ.

ಮೂರನೆಯದು ರೂಢಿಯ ದಾಳಿ. 1996ರ ಒಂದು ಪ್ರಯೋಗದಲ್ಲಿ ಪ್ಯಾಕರ್ಡ್ ಮತ್ತು ಮೆಕ್‌ಗಾ ಇಲಿಗಳಿಗೆ ಒಂದೇ ದಾರಿಯನ್ನು ಕಲಿಸಿದರು. ಎಂಟನೇ ದಿನ ಬೇರೆ ತುದಿಯಿಂದ ಬಿಟ್ಟಾಗ ಅವು ಆಹಾರ ಇರುವ ಜಾಗಕ್ಕೇ ಹೋದವು. ಹದಿನಾರನೇ ದಿನ ಬಿಟ್ಟಾಗ ರೂಢಿಯ ತಿರುವು ತಿರುಗಿ ತಪ್ಪು ಕಡೆ ಹೋದವು. ನಕ್ಷೆ ಅಳಿಸಿರಲಿಲ್ಲ, ರೂಢಿ ಮುಂದೆ ಬಂದು ನಿಂತಿತ್ತು. ಒಂದೇ ದಾರಿಯಲ್ಲಿ ದಿನಾ ಓಡಾಡುವವರಿಗೆ ಇದೇ ಆಗುವುದು. ಅವಸರ, ಗಾಬರಿ ಇದ್ದಾಗ ಇನ್ನೂ ಬೇಗ. ವಾರಕ್ಕೆರಡು ದಿನ ದಾರಿ ಬದಲಿಸಿ.

ಓದಿಗೂ ಇದೇ ಯಂತ್ರ

ನೆಲಕ್ಕೆ ಬಳಸುವ ಅಳತೆಯನ್ನೇ ಮಿದುಳು ವಿಚಾರಕ್ಕೂ ಬಳಸುತ್ತದೆ. 2016ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಜನರಿಗೆ ಕುತ್ತಿಗೆಯ ಉದ್ದ, ಕಾಲಿನ ಉದ್ದ ಬದಲಾಗುವ ಹಕ್ಕಿಯ ಚಿತ್ರಗಳನ್ನು ಕಲಿಸಿ ಮಿದುಳನ್ನು ನೋಡಿದಾಗ, ಆ ಎರಡು ಉದ್ದಗಳ ಕಾಲ್ಪನಿಕ ಬಯಲಿನಲ್ಲೂ ಗ್ರಿಡ್ ಮಾದರಿಯ ಗುರುತು ಸಿಕ್ಕಿತು. ಹಾಗಾಗಿ ಪಟ್ಟಿ ಉರು ಹೊಡೆಯುವ ಬದಲು ಎರಡು ಅಕ್ಷ ಹಾಕಿ.

ಪರೀಕ್ಷೆಗೆ ಓದುವವರಿಗೆ ನಮ್ಮ ಭಾಗದ ಚರಿತ್ರೆಯೇ ಒಳ್ಳೆಯ ಸಾಮಾನು. ಅಡ್ಡಕ್ಕೆ ಕಾಲ, ಉದ್ದಕ್ಕೆ ದಕ್ಷಿಣದಿಂದ ಉತ್ತರ. ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಸೇಡಂ ರಸ್ತೆಯಲ್ಲಿ ಸುಮಾರು 40 ಕಿ.ಮೀ. ದೂರದ ಮಳಖೇಡ, 9ನೇ ಶತಮಾನಕ್ಕೆ. ಚಾಲುಕ್ಯರ ಕಲ್ಯಾಣ 11-12ಕ್ಕೆ, ಬಹಳ ಮೇಲೆ. 1347ಕ್ಕೆ ಬಹಮನಿಗಳು, ಬೇಗನೆ ಕಲಬುರಗಿ ರಾಜಧಾನಿ. 15ನೇ ಶತಮಾನದಲ್ಲಿ ರಾಜಧಾನಿ ಬೀದರಿಗೆ. ಚುಕ್ಕೆಗಳನ್ನು ಕೂಡಿಸಿದರೆ ಗೆರೆ ಮೇಲೆ ಹೋಗುತ್ತದೆ, ಇಳಿಯುತ್ತದೆ, ಮತ್ತೆ ಮೇಲೆ. ಆಮೇಲೆ ಪಕ್ಕಪಕ್ಕದ ಎರಡೆರಡು ಚುಕ್ಕೆಗಳ ಸಂಬಂಧವನ್ನಷ್ಟೇ ಓದಿ, ನಿದ್ದೆ ಮಾಡಿ, ಮರುದಿನ ದೂರದ ಚುಕ್ಕೆಗಳ ಬಗ್ಗೆ ನಿಮಗೆ ನೀವೇ ಪ್ರಶ್ನೆ ಹಾಕಿಕೊಳ್ಳಿ. ನೇರವಾಗಿ ಓದದ ಸಂಬಂಧವನ್ನು ಊಹಿಸುವ ಕೆಲಸ ಒಂದು ನಿದ್ದೆ ಆದ ಮೇಲೆ ಸುಧಾರಿಸುತ್ತದೆ.

ಆಯ್ಕೆಯ ಕವಲಿನಲ್ಲಿ

ಇಲಿ ಕವಲಿನಲ್ಲಿ ನಿಂತು ಆ ಕಡೆ ಈ ಕಡೆ ಮೂತಿ ತಿರುಗಿಸುತ್ತದೆ. ಆ ಗಳಿಗೆಯಲ್ಲಿ ಅದರ ಜಾಗದ ಕೋಶಗಳು ಮೊದಲು ಒಂದು ಕವಲಿನುದ್ದಕ್ಕೆ, ಆಮೇಲೆ ಇನ್ನೊಂದರುದ್ದಕ್ಕೆ ಓಡಿ ಬರುತ್ತವೆ, ಮೈ ಅಲ್ಲೇ ನಿಂತಿರುವಾಗ. ಜಾನ್ಸನ್ ಮತ್ತು ರೆಡಿಶ್ 2007ರಲ್ಲಿ ಇದನ್ನು ದಾಖಲಿಸಿದರು. ನಾವು ಮಾಡಬೇಕಾದ್ದೂ ಅದನ್ನೇ, ಹಾಳೆಯ ಮೇಲೆ.

ಜನವರಿಯಲ್ಲಿ ತೊಗರಿ ರಾಶಿ ಆಗಿದೆ ಎನ್ನಿ. ಇವತ್ತಿನ ಸ್ಥಿತಿಗೆ ಒಂದು ವೃತ್ತ. ಅದರಿಂದ ಮೂರೇ ಬಾಣ: ಗಂಜಿಗೆ ಒಯ್ದು ಅಡತಿಯಲ್ಲಿ ಮಾರುವುದು, ಒಣಗಿಸಿ ಕಾಯುವುದು, ಬೆಂಬಲ ಬೆಲೆ ಖರೀದಿ ಕೇಂದ್ರಕ್ಕೆ ಹೆಸರು ಬರೆಸುವುದು. ಪ್ರತಿ ಬಾಣದ ಕೆಳಗೆ ಎಷ್ಟು ದಿನ, ಎಷ್ಟು ಖರ್ಚು. ಬಾಣದ ತುದಿಯ ವೃತ್ತದಿಂದ ಮತ್ತೊಂದು ಹೆಜ್ಜೆ ಮುಂದೆ, ಅಷ್ಟಕ್ಕೆ ಸಾಕು. ಮೂರನೇ ಹೆಜ್ಜೆ ಬರೆದರೆ ಅದು ಲೆಕ್ಕವಲ್ಲ, ಆಸೆ. ಮರಳಿ ಬರಲಾಗದ ಬಾಣಕ್ಕೆ ಎರಡು ಗೆರೆ ಎಳೆಯಿರಿ: ಮಾರಿದ್ದು ಮರಳಿ ಬರುವುದಿಲ್ಲ, ನೋಂದಣಿಯ ಕೊನೆ ದಿನ ದಾಟಿದರೆ ಆ ದಾರಿ ಮುಚ್ಚಿತು.

ಹೆಚ್ಚು ಜನ ಎಡವುವುದು ಒಂದೇ ಕಡೆ: ನೋಡಲು ಒಂದೇ ಥರ ಇರುವ ಎರಡು ಸ್ಥಿತಿಗಳನ್ನು ಒಂದೇ ವೃತ್ತಕ್ಕೆ ಹಾಕುವುದು. ಗಂಜಿನ ದರ ಅದೇ ಇರಬಹುದು, ಆದರೆ ಹಸಿ ತೊಗರಿ ಹಿಡಿದು ನಿಂತಿರುವುದೂ ಒಣಗಿದ್ದು ಹಿಡಿದು ನಿಂತಿರುವುದೂ ಒಂದಲ್ಲ. ತೇವ ಮಿತಿ ಮೀರಿದ್ದರೆ ಖರೀದಿ ಕೇಂದ್ರದ ಬಾಣವೇ ಇಲ್ಲ, ಹಾಗೇ ಚೀಲ ಕಟ್ಟಿಟ್ಟರೆ ಬೂಸರು, ಹುಳ. ಸಾಲದ ಕಂತು ಮುಂದಿನ ವಾರ ಇದ್ದವನದು ಮತ್ತೊಂದು ವೃತ್ತ. ಹಣೆಯ ಹಿಂಬದಿಗಿರುವ ಆರ್ಬಿಟೊಫ್ರಂಟಲ್ ಕಾರ್ಟೆಕ್ಸ್ ಮಾಡುವ ಮುಖ್ಯ ಕೆಲಸ ಕಣ್ಣಿಗೆ ಕಾಣದ ಈ ವ್ಯತ್ಯಾಸವನ್ನು ಇಟ್ಟುಕೊಳ್ಳುವುದೇ ಎಂದು ಹಲವು ಸಂಶೋಧಕರು ವಾದಿಸುತ್ತಾರೆ. ಅವಸರದಲ್ಲಿ ಅದು ಕೈಕೊಡುತ್ತದೆ, ಅದಕ್ಕೇ ಹಾಳೆ. ದರ ಬದಲಾದರೆ ಸಂಖ್ಯೆ ತಿದ್ದಿ, ಹೊಸ ಬಾಣ ತೆರೆದರೆ ಅಥವಾ ಮುಚ್ಚಿದರೆ ಮಾತ್ರ ಹಾಳೆಯನ್ನೇ ಹೊಸದಾಗಿ ಬರೆಯಿರಿ.

ವೈದ್ಯರಿಗೆ ತೋರಿಸಬೇಕಾದಾಗ

ಹೊಸ ಊರಿನಲ್ಲಿ ದಾರಿ ತಪ್ಪುವುದು ಎಲ್ಲರಿಗೂ ಉಂಟು. ಕೆಲವರಿಗೆ ಹುಟ್ಟಿನಿಂದಲೇ ನಕ್ಷೆ ಕೂರುವುದಿಲ್ಲ, ಉಳಿದೆಲ್ಲ ಚುರುಕಾಗಿರುತ್ತದೆ. ಅಂಥವರು ತಿರುವುಗಳ ಪಟ್ಟಿ ಬರೆದಿಟ್ಟುಕೊಂಡು ಓಡಾಡಿದರೆ ತೊಂದರೆಯಿಲ್ಲ. ಆದರೆ ಶಹಾಬಜಾರಿನಲ್ಲೇ ಬೆಳೆದ ಹಿರಿಯರು ಇದ್ದಕ್ಕಿದ್ದಂತೆ ಮನೆಯ ಗಲ್ಲಿ ಗುರುತಿಸಲಾಗದೆ ನಿಂತರೆ ವಯಸ್ಸಾಯಿತು ಎಂದು ಬಿಡಬೇಡಿ. ಆಲ್ಝೈಮರ್ ರೋಗ ಬಹಳ ಮೊದಲೇ ತಾಗುವ ಭಾಗಗಳಲ್ಲಿ ಎಂಟೊರೈನಲ್ ಕಾರ್ಟೆಕ್ಸ್ ಒಂದು. ಎಂದು, ಎಲ್ಲಿ, ಎಷ್ಟು ಹೊತ್ತು ಗೊತ್ತಾಗಲಿಲ್ಲ ಎಂದು ಬರೆದುಕೊಂಡು, ಅವರು ತೆಗೆದುಕೊಳ್ಳುವ ಗುಳಿಗೆಗಳ ಚೀಟಿಯ ಜೊತೆ ನರರೋಗ ತಜ್ಞರ ಹತ್ತಿರ ಕರೆದೊಯ್ಯಿರಿ. ಥೈರಾಯ್ಡ್, ಬಿ12 ಕೊರತೆ, ಕೆಲವು ನಿದ್ದೆ ಗುಳಿಗೆಗಳಿಂದಲೂ ಮರೆವು-ಗೊಂದಲ ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ಗೊಂದಲ ಒಂದೆರಡು ಗಂಟೆಯೊಳಗೆ ಏಕಾಏಕಿ ಬಂದಿದ್ದರೆ, ಮಾತು ತೊದಲಿದರೆ ಅಥವಾ ಒಂದು ಕೈ ಸೋತರೆ ಮರುದಿನದ ಓಪಿಡಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.